ತುದಿ ನಿಜ, ಚಿತ್ರ ಸುಳ್ಳು

ವಿಧಾನಸೌಧದ ಎದುರು ಮೈಕಿನ ಮುಂದೆ ನಿಂತವರ ಬಾಯಲ್ಲಿ ಆಗಾಗ ಬರುವ ಮಾತು: ‘ಇದು ಟಿಪ್ ಆಫ್ ದಿ ಐಸ್‌ಬರ್ಗ್ ಅಷ್ಟೇ!’ ಮರುದಿನದ ಪತ್ರಿಕೆಯಲ್ಲಿ ಅದು ‘ಹಿಮಬಂಡೆಯ ತುದಿ’ ಆಗುತ್ತದೆ. ಕಂಡಿದ್ದಕ್ಕಿಂತ ಕಾಣದ್ದೇ ಹೆಚ್ಚು ಎಂಬುದು ಅರ್ಥ. ಎಷ್ಟು ಹೆಚ್ಚು? ಅದಕ್ಕೆ ಖಚಿತ ಲೆಕ್ಕವಿದೆ, ಅಡುಗೆಮನೆಯಲ್ಲೇ ನೋಡಬಹುದು.

ಮೊದಲು ಪದಗಳು. ಟಿಪ್ ಎಂದರೆ ಹೋಟೆಲಿನಲ್ಲಿ ಭಕ್ಷೀಸು, ಪರೀಕ್ಷೆ ಹೊತ್ತಿನಲ್ಲಿ ಕಿವಿಮಾತು, ಇಲ್ಲಿ ತುದಿ. ವಾಲಿ ಬೀಳುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ, ಅದನ್ನು ನೆನಪಿಟ್ಟುಕೊಳ್ಳಿ. ಐಸ್‌ಬರ್ಗ್ ಡಚ್ ಮೂಲದ್ದು, ಬರ್ಗ್ ಎಂದರೆ ಬೆಟ್ಟ. ಇದು ಕಡಲ ನೀರು ಹೆಪ್ಪುಗಟ್ಟಿದ್ದಲ್ಲ. ನೆಲದ ಮೇಲೆ ಸುರಿದ ಹಿಮ ಒತ್ತಿ ಗಟ್ಟಿಯಾಗಿ, ಹಿಮನದಿಯಾಗಿ ಜರುಗಿ, ಕಡಲಂಚಿನಲ್ಲಿ ಮುರಿದು ಬಿದ್ದ ಸಿಹಿನೀರಿನ ತುಂಡು. 2000ದ ಮಾರ್ಚ್‌ನಲ್ಲಿ ಅಂಟಾರ್ಕ್ಟಿಕದ ರಾಸ್ ಹಿಮಚಾಚಿನಿಂದ (ನೆಲದಿಂದ ಕಡಲ ಮೇಲಕ್ಕೆ ಚಾಚಿ ತೇಲುವ ಹಿಮದ ಹಾಸು) ಕಳಚಿದ ‘ಬಿ-15’ ಎಂಬ ಐಸ್‌ಬರ್ಗ್ ಸುಮಾರು 11,000 ಚದರ ಕಿಲೋಮೀಟರ್ ಇತ್ತು. ಬೆಂಗಳೂರು ನಗರ ಜಿಲ್ಲೆಯಂಥ ಐದು ಜಿಲ್ಲೆ!

ಒಂದು ಲೀಟರ್ ನೀರು ಐಸ್ ಆದಾಗ ಸುಮಾರು 1.09 ಲೀಟರಿನಷ್ಟು ಜಾಗ ಹಿಡಿಯುತ್ತದೆ, ತೂಕ ಮಾತ್ರ ಬದಲಾಗದು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ತಳ್ಳುತ್ತದೆ ಎಂಬುದು ಆರ್ಕಿಮಿಡೀಸನ ನಿಯಮ. ಹಾಗಾಗಿ ಒಂದು ಲೀಟರಿನಷ್ಟು ಭಾಗ ಮುಳುಗಿ, ಹಿಗ್ಗಿದ 90 ಮಿಲಿಲೀಟರ್ ಮಾತ್ರ ಮೇಲುಳಿಯುತ್ತದೆ. ಹನ್ನೆರಡರಲ್ಲಿ ಒಂದು ಪಾಲು. ಕಡಲ ನೀರು ಉಪ್ಪಿನಿಂದಾಗಿ ಭಾರ, ಲೀಟರಿಗೆ ಸುಮಾರು 1,025 ಗ್ರಾಂ. ಐಸ್ 917. ಅಲ್ಲಿ ಹತ್ತರಲ್ಲಿ ಒಂದಕ್ಕಿಂತ ತುಸು ಹೆಚ್ಚು ಮೇಲೆ ಕಾಣುತ್ತದೆ. ಈ ಸಣ್ಣ ವ್ಯತ್ಯಾಸ ಲೋಟದಲ್ಲಿ ಕಣ್ಣಳತೆಗೆ ಸಿಗುವುದಿಲ್ಲ. ಕಾಲು ಲೀಟರ್ ನೀರಿಗೆ 75 ಗ್ರಾಂ ಉಪ್ಪು ಕರಗಿಸಿ ಐಸ್ ತುಂಡು ಬಿಡಿ, ಐದರಲ್ಲೊಂದು ಪಾಲಿಗೂ ಹೆಚ್ಚು ಮೇಲೇಳುತ್ತದೆ.

ಲೆಕ್ಕವೇನೋ ಸರಿ. ತಪ್ಪಿರುವುದು ಚಿತ್ರ. ಆಫೀಸಿನ ಸ್ಲೈಡುಗಳಲ್ಲಿ ಐಸ್‌ಬರ್ಗ್ ಯಾವಾಗಲೂ ಬುಗುರಿಯ ಹಾಗೆ ಕೆಳಕ್ಕೆ ಉದ್ದವಾಗಿ ಚೂಪಾಗಿರುತ್ತದೆ. ಅಂಥ ಉದ್ದನೆಯ ಗಡ್ಡೆ ನೆಟ್ಟಗೆ ತೇಲಲಾರದು, ಮಗ್ಗುಲಾಗುತ್ತದೆ. 2021ರಲ್ಲಿ ಹಿಮನದಿ ವಿಜ್ಞಾನಿ ಮೇಗನ್ ಥಾಂಪ್ಸನ್-ಮನ್ಸನ್ ಇದನ್ನೇ ಟ್ವಿಟರ್‌ನಲ್ಲಿ ಎತ್ತಿ, ಸರಿಯಾಗಿ ಬಿಡಿಸಿ ಎಂದು ಕೇಳಿಕೊಂಡಿದ್ದರು. ಪರೀಕ್ಷಿಸಬೇಕಾದರೆ ಎತ್ತರ ಅಗಲದ ಎರಡರಷ್ಟಿರುವ ಸ್ಟೀಲ್ ಲೋಟ ಬೇಕು. ಎರಡು ಬೆರಳು ಕಡಿಮೆ ನೀರು ತುಂಬಿ ಇಡೀ ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಲೋಟದ ಹೊರಮೈಗೆ ನಲ್ಲಿ ನೀರು ಬಿಟ್ಟರೆ ಗಡ್ಡೆ ಜಾರಿ ಬರುತ್ತದೆ. ಅಗಲವಾದ ಬಕೆಟ್ಟಿನಲ್ಲಿ ನೆಟ್ಟಗೆ ಇಳಿಸಿ ಕೈಬಿಡಿ: ತಕ್ಷಣ ಮಗ್ಗುಲಾಗುತ್ತದೆ. ಕಿರಿದಾದ ಪಾತ್ರೆ ಬೇಡ, ಗೋಡೆಗೆ ಒರಗಿ ನಿಂತಂತೆ ನಟಿಸುತ್ತದೆ. ನೀರು ಬೆಚ್ಚಗಿದ್ದರೆ ಅಂಚು ಬೇಗ ಕರಗಿ ಆಕಾರ ಕೆಡುತ್ತದೆ, ಹಾಗಾಗಿ ಬಕೆಟ್ಟಿಗೆ ಮೊದಲೇ ಒಂದು ಟ್ರೇ ಐಸ್ ಹಾಕಿಡಿ. ಕಡಲಲ್ಲಿ ಚೌಕ ತಳದ ಗಡ್ಡೆಯ ಎತ್ತರ ಅಗಲದ ಸುಮಾರು 1.3 ಪಟ್ಟು ಮೀರಿದರೆ ಅದು ನೆಟ್ಟಗೆ ನಿಲ್ಲಲಾರದು. ಅಡಿ ಕರಗುತ್ತಾ ಹೋದಂತೆ ನಿಜವಾದ ಐಸ್‌ಬರ್ಗುಗಳೂ ಹೀಗೇ ಮಗುಚುತ್ತವೆ. ನಿನ್ನೆಯ ತುದಿ ಇಂದು ತಳ.

ಬಳಕೆಯಲ್ಲೂ ಎಡವುತ್ತೇವೆ. ಮುಳುಗಿದ್ದು ಈಗಲೇ ಇರಬೇಕು, ತುದಿಗೆ ಅಂಟಿಕೊಂಡೇ ಇರಬೇಕು. ‘ಬೆಲೆ ಇನ್ನೂ ಏರುತ್ತದೆ, ಇದು ಟಿಪ್ ಆಫ್ ದಿ ಐಸ್‌ಬರ್ಗ್’ ಅನ್ನುವುದು ತಪ್ಪು. ಅಲ್ಲಿ ‘ಇದಿನ್ನೂ ಶುರು’ ಸಾಕು. ‘ಬೂದಿ ಮುಚ್ಚಿದ ಕೆಂಡ’ದಲ್ಲಿ ಮೇಲೆ ಏನೂ ಕಾಣದು. ‘ಕನ್ನಡಿಯಲ್ಲಿ ಕರಿ’ಯಲ್ಲಿ ಇಡೀ ಆನೆ ಚಿಕ್ಕದಾಗಿ ಕಾಣುತ್ತದೆ. ಅನ್ನ ಬೆಂದಿದೆಯೇ ಎಂದು ಹಿಸುಕುವ ಒಂದು ಅಗುಳು ಬರೀ ಮಾದರಿ. ಈ ಮೂರೂ ಐಸ್‌ಬರ್ಗಿಗೆ ಹೊಂದುವುದಿಲ್ಲ. ಹೊಂದುವ ಉದಾಹರಣೆ ನಮ್ಮ ರಸ್ತೆಯಲ್ಲೇ ಇದೆ: ಅಡಿಯ ಪೈಪು ಸೋರಿ, ಮಣ್ಣು ಕೊಚ್ಚಿಹೋಗಿ, ಡಾಂಬರಿನ ಕೆಳಗೆ ಆಟೋ ಹಿಡಿಸುವಷ್ಟು ಪೊಳ್ಳಾಗಿರುತ್ತದೆ. ಮೇಲೆ ಕಾಣುವುದು ಅಂಗೈಯಗಲದ ಗುಂಡಿ.