ಸಕ್ಕರೆ ಬಿಟ್ಟರೂ ಇಳಿಯದ ಶುಗರ್

‘ಡಾಕ್ಟ್ರೇ, ಕಾಫಿಗೆ ಸಕ್ಕರೆ ಹಾಕೋದೇ ಬಿಟ್ಟಿದೀನಿ, ಆದ್ರೂ ಶುಗರ್ ಇಳೀತಿಲ್ಲ’ ಎನ್ನುವ ಇಪ್ಪತ್ತೈದು, ಮೂವತ್ತರ ಹುಡುಗ ಹುಡುಗಿಯರು ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಈಗ ಮಾಮೂಲಾಗಿ ಬರುತ್ತಾರೆ. ನಾನು ಮೊದಲು ಕುತ್ತಿಗೆಯ ಹಿಂಭಾಗ ನೋಡುತ್ತೇನೆ. ಎಷ್ಟು ಉಜ್ಜಿದರೂ ಹೋಗದ ಕಪ್ಪನ್ನು ಮನೆಯವರು ಕೊಳೆ ಅಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ಅದು ರಕ್ತದಲ್ಲಿ ಇನ್ಸುಲಿನ್, ಅಂದರೆ ಶುಗರ್ ಇಳಿಸುವ ಹಾರ್ಮೋನು, ಹೆಚ್ಚಾಗಿರುವುದರ ಗುರುತು. ಆಮೇಲೆ ಸೊಂಟಕ್ಕೆ ಟೇಪು: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂರುವ ಮೈ ನಮ್ಮಲ್ಲಿ ಬಹಳ ಮಂದಿಯದು.

ಟೈಪ್ 2 ಮಧುಮೇಹದ ಶುರುವಿನಲ್ಲಿ ಇನ್ಸುಲಿನ್‌ಗೆ ಬರವಿಲ್ಲ. ಸ್ನಾಯು ಮತ್ತು ಯಕೃತ್ತು ಅದರ ಮಾತು ಕೇಳುವುದಿಲ್ಲ. ಖರ್ಚಾಗದೆ ಉಳಿದ ಆಹಾರ ಈ ಎರಡು ಕಡೆ ಕೊಬ್ಬಾಗಿ ಸೇರುತ್ತದೆ. ಕೊಬ್ಬು ತುಂಬಿದ ಯಕೃತ್ತು ರಾತ್ರಿಯಿಡೀ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ‘ಏನೂ ತಿನ್ನದೆ ಬೆಳಗ್ಗೆ 160 ಹೇಗೆ ಬಂತು?’ ಎನ್ನುವವರಿಗೆ ಉತ್ತರ ಇಲ್ಲಿದೆ.

‘ಅಜ್ಜನೂ ಮೂರು ಹೊತ್ತು ಅಕ್ಕಿಯನ್ನೇ ತಿಂದಿದ್ದರಲ್ಲ’ ಎಂಬ ವಾದ ಸುಳ್ಳಲ್ಲ. ಆದರೆ ಅಜ್ಜ ಗುಡ್ಡ ಹತ್ತಿ ಸೊಪ್ಪಿನ ಹೊರೆ ತರುತ್ತಿದ್ದರು. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಮೊಮ್ಮಗ ತೋಟಕ್ಕೂ ಬೈಕಿನಲ್ಲೇ ಹೋಗುತ್ತಾನೆ. ಬೆಳಗ್ಗೆ ನಾಲ್ಕು ಅಕ್ಕಿ ರೊಟ್ಟಿ ಮಾತ್ರ ಹಾಗೇ ಉಳಿದಿದೆ. ಅದರ ಮೇಲೆ ಸಂಜೆಯ ಬೇಕರಿ ಪಫ್ಸು, ತಂಪು ಪಾನೀಯ.

ಅನ್ನ ಬಿಟ್ಟು ಚಪಾತಿಗೆ ಹೋದವರಿಗೆ ಲೆಕ್ಕ ತೋರಿಸುತ್ತೇನೆ. 100 ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ (ಶರ್ಕರಪಿಷ್ಟ) ಸುಮಾರು 78 ಗ್ರಾಂ, ಗೋಧಿ ಹಿಟ್ಟಿನಲ್ಲಿ 65–70. ಎಷ್ಟು ತಿನ್ನುತ್ತೀರಿ ಎಂಬುದೇ ಮುಖ್ಯ. ಜೋನಿ ಬೆಲ್ಲವೂ ಸಕ್ಕರೆಯೇ, ಮನೆಯ ಆಲೆಮನೆಯದಾದರೂ.

ರೊಟ್ಟಿ ಎರಡಕ್ಕಿಳಿಸಿ, ಜೊತೆಗೆ ಅಲಸಂದೆ ಪಲ್ಯವನ್ನೋ ಮೊಟ್ಟೆಯನ್ನೋ ಸೇರಿಸಿ. ನಮ್ಮ ಕಡೆ ಹುರುಳಿ ಕಟ್ಟಿನ ಸಾರು ಮಾಡಿ ಕಾಳನ್ನು ಎಮ್ಮೆಗೆ ಹಾಕುವ ರೂಢಿಯಿದೆ. ದಯವಿಟ್ಟು ಆ ಕಾಳನ್ನೂ ಬಡಿಸಿ. ಪ್ರೋಟೀನು, ನಾರು ಇರುವುದು ಅದರಲ್ಲೇ. ಬಾಳೆದಿಂಡು, ಕಳಲೆ, ಸೊಪ್ಪಿನ ಪಲ್ಯ ಮೊದಲು ತಿಂದು ಅನ್ನ ಆಮೇಲೆ ಕಲಸಿದರೆ ಊಟದ ನಂತರದ ಶುಗರ್ ಅಷ್ಟು ಏರುವುದಿಲ್ಲ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಮಳೆ ಹಿಡಿದರೆ ಜಗಲಿಯಲ್ಲೇ ಆಗಲಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟ ಇಳಿಸಬಾರದು. ಶುಗರ್ 70ಕ್ಕಿಂತ ಕೆಳಗೆ ಬಿದ್ದರೆ ಅಪಾಯ. ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಟೈಪ್ 1 ಮಧುಮೇಹ ಇರುವ ಮಕ್ಕಳಿಗೆ ಯಾವ ಪಥ್ಯವೂ ಇನ್ಸುಲಿನ್ನಿಗೆ ಬದಲಾಗದು. ಯಾರೋ ಕಷಾಯ ಕೊಟ್ಟರೆಂದು ಇಂಜೆಕ್ಷನ್ ನಿಲ್ಲಿಸಿದರೆ ಜೀವಕ್ಕೇ ಕುತ್ತು.

ಟೈಪ್ 2ರವರಿಗೆ ಮಾತ್ರ ನಾನು ಭರವಸೆಯಿಂದಲೇ ಮಾತಾಡುತ್ತೇನೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನದಲ್ಲಿ, ಕಾಯಿಲೆ ಗೊತ್ತಾಗಿ ಆರು ವರ್ಷದೊಳಗಿನ ವಯಸ್ಕರು ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಿಕೊಂಡರು. ವರ್ಷದ ಕೊನೆಗೆ ಅವರಲ್ಲಿ ಶೇ. 46 ಮಂದಿ ಮಾತ್ರೆಯಿಲ್ಲದೆಯೇ ಮಧುಮೇಹದ ಮಿತಿಗಿಂತ ಕೆಳಗಿದ್ದರು. ಹಾಗಾಗಿ ಮೊದಲ ವರ್ಷಗಳನ್ನು ಕಳೆದುಕೊಳ್ಳಬೇಡಿ. ಮುಂದಿನ ಸಲ ಬರುವಾಗ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆತನ್ನಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ನೋಡುತ್ತಾ, ತಟ್ಟೆಯಲ್ಲಿ ಏನು ಬದಲಿಸಬೇಕೆಂದು ಒಟ್ಟಿಗೇ ಕೂತು ತೀರ್ಮಾನಿಸೋಣ.