‘ಬಿದ್ದದ್ದಲ್ಲ, ಸುಮ್ನೆ ಜಾರಿದ್ದು’

ಪಕ್ಕದ ಮನೆಯ ಅಜ್ಜನನ್ನು ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋಗಿದ್ದೆ. ನರ್ಸ್ ಮೊದಲು ಮಲಯಾಳಂನಲ್ಲಿ ‘ವೀಣಿಟ್ಟುಂಡೋ?’ ಎಂದರು. ಆಮೇಲೆ ಕನ್ನಡದಲ್ಲೇ, ‘ಅಜ್ಜಾ, ಈ ಒಂದು ವರ್ಷದಲ್ಲಿ ಬಿದ್ದಿದ್ದೀರಾ?’ ಅಜ್ಜ ಗಟ್ಟಿಯಾಗಿ, ‘ಇಲ್ಲಪ್ಪ.’ ಚೀಟಿಯಲ್ಲಿ ‘ಇಲ್ಲ’ ಎಂದು ಗುರುತು ಬಿತ್ತು. ಬರುವಾಗ ಆಟೋದಲ್ಲಿ ಕೇಳಿದೆ, ಅಂಗಳದ ಪಾಚಿಯಲ್ಲಿ ಆದದ್ದೇನು ಅಂತ. ‘ಅದು ಜಾರಿದ್ದು ಮಾರಾಯ. ಹಾಗೆ ಮೂರು ಸಲ ಆಗಿದೆ.’

ಇದನ್ನು ಎಷ್ಟು ಮನೆಯಲ್ಲಿ ಕೇಳಿದ್ದೇನೋ! ಮೂಳೆ ಮುರಿದರೆ ಮಾತ್ರ ಬಿದ್ದದ್ದು, ಉಳಿದದ್ದೆಲ್ಲ ಜಾರಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆಯಲ್ಲಿ ಗಾಯದ ಸುದ್ದಿಯೇ ಇಲ್ಲ. ಬೇಕೆಂದು ಅಲ್ಲದೆ ನೆಲಕ್ಕೋ ಇದ್ದ ಜಾಗಕ್ಕಿಂತ ಕೆಳಗೋ ಬಂದರೆ ಅದು ಬಿದ್ದದ್ದು. ಬಚ್ಚಲಲ್ಲಿ ಜಾರಿ ಕೂತದ್ದು, ಹೊಸ್ತಿಲು ಎಡವಿ ಮೊಣಕಾಲೂರಿದ್ದು, ಮಂಚದಿಂದ ಏಳಹೋಗಿ ಕೆಳಗೆ ಕುಸಿದದ್ದು, ಎಲ್ಲವೂ ಲೆಕ್ಕಕ್ಕೆ.

‘ಬೀಳು’ ಪದದ ಬೇರು ನೋಡಿದರೆ ಈ ಸಂಕೋಚ ಸ್ವಲ್ಪ ಅರ್ಥವಾಗುತ್ತದೆ. ಹಳಗನ್ನಡದಲ್ಲಿ ಇದು ‘ಬೀೞ್’ (ೞ ಕನ್ನಡದಲ್ಲಿ ಈಗ ಬಳಕೆಯಲ್ಲಿಲ್ಲದ ಹಳೆಯ ಅಕ್ಷರ). ಮಲಯಾಳಂನಲ್ಲಿ ‘ವೀೞ್’. ಅವರ ‘ವಾೞ’ಕ್ಕೆ ನಮ್ಮಲ್ಲಿ ‘ಬಾಳೆ’ ಇರುವ ಹಾಗೆಯೇ ಇದು: ಅಲ್ಲಿ ವ ಇದ್ದಲ್ಲಿ ಇಲ್ಲಿ ಬ, ೞ ಇದ್ದಲ್ಲಿ ಈಗ ಳ. ಕಾಸರಗೋಡಿನವರಿಗೆ ಎರಡೂ ಒಂದೇ ದಿನ ಕಿವಿಗೆ ಬೀಳುತ್ತವೆ. ಆದರೆ ಮಲಯಾಳಂನ ‘ವೀೞ್ಚ’ಗೆ ಇನ್ನೊಂದು ಅರ್ಥ ಇದೆ: ಲೋಪ, ಕರ್ತವ್ಯದಲ್ಲಿ ತಪ್ಪಿದ್ದು. ಪೇಪರಿನಲ್ಲಿ ಅಧಿಕಾರಿಗಳ ‘ವೀೞ್ಚ’ ದಿನಾ ಬರುತ್ತದೆ. ನಮ್ಮ ಕನ್ನಡವೇನು ಕಮ್ಮಿಯಾ? ಸರಕಾರ ಬೀಳುತ್ತದೆ, ಧಾರಣೆ ಬೀಳುತ್ತದೆ, ಮರ್ಯಾದೆಯೂ ಮಣ್ಣಿಗೆ ಬೀಳುತ್ತದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಊರಲ್ಲಿ ‘ನಾನು ಬಿದ್ದೆ’ ಎಂದು ಯಾವ ಅಜ್ಜ ಹೇಳುತ್ತಾರೆ? ‘ಜಾರಿದ್ದು’ ಎಂದರೆ ತಪ್ಪು ಪಾಚಿಯದ್ದು. ಬ್ಲೀಚಿಂಗ್ ಪುಡಿ ಹಾಕಿ ಅಂಗಳ ತಿಕ್ಕಿದರೆ ಮುಗಿಯಿತು. ಕಾಲು, ಕಣ್ಣು, ಮಾತ್ರೆ ಯಾವುದನ್ನೂ ಯಾರೂ ನೋಡುವುದಿಲ್ಲ.

(ಇದನ್ನೇ ‘ಪತನ ಅಪಾಯ ಮೌಲ್ಯಮಾಪನ’ ಎಂದು ಬರೆಯುವವರಿದ್ದಾರೆ. ಪತನ ಆಗುವುದು ವಿಮಾನ. ಬೀಳುವ ಸಂಭವ ಎಷ್ಟು ಎಂದು ನೋಡುವುದು ಅಂದರೆ ಸಾಲದೇ?)

ನೋಡುವ ಕ್ರಮ ದೊಡ್ಡದಲ್ಲ. ಮೂರು ಪ್ರಶ್ನೆ: ವರ್ಷದೊಳಗೆ ಬಿದ್ದಿದ್ದೀರಾ, ನಿಂತಾಗ ನಡೆವಾಗ ತೂರಾಡಿದ ಹಾಗೆ ಆಗುತ್ತದಾ, ಬೀಳುವ ಹೆದರಿಕೆ ಇದೆಯಾ. ಮತ್ತೆ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ 12 ಸೆಕೆಂಡು ಅಥವಾ ಜಾಸ್ತಿ ಹಿಡಿದರೆ ಬೀಳುವ ಸಂಭವ ಇದೆ. ಬಿಪಿಯನ್ನು ಮಲಗಿಸಿ ಒಮ್ಮೆ ನೋಡಬೇಕು, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ. ಮೇಲಿನ ಅಂಕೆ 20 ಇಳಿದರೆ, ರಾತ್ರಿ ಮೂತ್ರಕ್ಕೆ ಏಳುವಾಗ ಕಣ್ಣು ಕತ್ತಲೆ ಬರುವುದು ಯಾಕೆ ಅಂತ ಗೊತ್ತಾಯಿತು. ಬಿಪಿ ಮಾತ್ರೆ, ನಿದ್ದೆ ಮಾತ್ರೆಗಳ ಕವರನ್ನು ಡಾಕ್ಟರ ಮೇಜಿನ ಮೇಲೆ ಸುರಿಯುವುದು ಇಲ್ಲೇ. ಸ್ವಂತ ಬುದ್ಧಿಯಿಂದ ಮಾತ್ರೆ ನಿಲ್ಲಿಸುವುದು ಬೇಡ.

ಅಜ್ಜನ ಚೀಟಿಯಲ್ಲಿ ಇನ್ನೂ ‘ಇಲ್ಲ’ ಎಂದೇ ಇದೆ. ಸೋಮವಾರ ಮತ್ತೆ ಹೋಗಬೇಕು.