ಮೂರು ತೂತಿನ ಸಾಕ್ಷಿ

ದಸರಾ ರಜೆಯಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಬಿಳಿ ಕಾಗದ, ನಡುವೆ ಒಂದಕ್ಕೊಂದು ಅಂಟಿಕೊಂಡ ಮೂರು ತೂತು. ಕಳುಹಿಸಿದವನು ಟೆಕ್ಸಾಸ್‌ನಲ್ಲಿರುವ ಚಿಕ್ಕಪ್ಪನ ಮಗ. 'ನೂರು ಗಜ ದೂರ. ರೈಫಲ್‌ಗೆ ಕೊಟ್ಟದ್ದು ಬರೀ 450 ಡಾಲರ್' ಎಂದು ಕೆಳಗೆ ಬರೆದಿದ್ದ.

ಹೆಬ್ರಿಯ ಮಾವನಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಅವರ ಮನೆಯಲ್ಲಿ ಅಜ್ಜನ ಕಾಲದ .315 ಬೋರ್ (ನಳಿಕೆಯ ತೂತಿನ ಅಳತೆ, ಇಂಚಿನಲ್ಲಿ) ರೈಫಲ್ ಇದೆ, ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯದ್ದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ, ಮುಗಿದ ಮೇಲೆ ಮನೆಗೆ ಬರುತ್ತದೆ. "ಪ್ಲಾಸ್ಟಿಕ್ ಹಿಡಿಯದ್ದು ಎಂಥ ಕೋವಿ ಮಾರಾಯ? ನಮ್ಮದರ ಬೋಲ್ಟ್ ಎಳೆದು ನೋಡು, ಹೇಗೆ ಜಾರ್ತದೆ!" ಎಂದರು.

ನನ್ನ ಪ್ರಕಾರ ಇಬ್ಬರದ್ದೂ ತಪ್ಪು. ಆದರೆ ಬೇರೆ ಬೇರೆ ಥರದ ತಪ್ಪು.

ಬೋಲ್ಟ್ ಎಂದರೆ ಬಾಗಿಲಿನ ಚಿಲಕ, ಅಷ್ಟೇ. ಎತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟೆ ಹೊರಗೆ ಬೀಳುತ್ತದೆ. ಮುಂದಕ್ಕೆ ತಳ್ಳಿ ಇಳಿಸಿದರೆ ಹೊಸದು ಒಳಗೆ ಕೂತು ಬೀಗ ಬೀಳುತ್ತದೆ. ಪ್ರಷ್ಯಾದ ಸೈನ್ಯ 1841ರಲ್ಲೇ ಡ್ರೈಸೆ ಎಂಬಾತ ಮಾಡಿದ ಇಂಥದ್ದನ್ನು ಒಪ್ಪಿಕೊಂಡಿತ್ತು. 1898ರ ಮೌಸರ್ ಅದನ್ನು ಎಷ್ಟು ಚೆನ್ನಾಗಿ ತಿದ್ದಿತೆಂದರೆ ಇವತ್ತಿಗೂ ಬಹುಪಾಲು ಬೇಟೆ ರೈಫಲ್‌ಗಳು ಅದರ ಮೊಮ್ಮಕ್ಕಳೇ. ಚಿಲಕ ನುಣ್ಣಗೆ ಜಾರಿದರೆ ಕೈಗೆ ಖುಷಿ. ಹಾಗಂತ ಗುಂಡು ನೇರವಾಗಿ ಹೋಗುತ್ತದೆ ಎಂದಲ್ಲ. ಬಾಗಿಲ ಚಿಲಕ ಚೆಂದ ಇದ್ದ ಮಾತ್ರಕ್ಕೆ ಒಳಗಿನ ಅಡುಗೆ ರುಚಿ ಇರಬೇಕಲ್ವಾ ಎಂದು ಯಾರೂ ಕೇಳುವುದಿಲ್ಲ.

ಅಡುಗೆ ಆಗುವುದು ನಳಿಕೆಯಲ್ಲಿ. ಒಳಗೋಡೆಯಲ್ಲಿ ಸುರುಳಿಯಾಗಿ ಸಾಗುವ ಗೀರುಗಳಿರುತ್ತವೆ. ಅವು ಗುಂಡನ್ನು ತಿರುಗಿಸುತ್ತವೆ. 10 ಇಂಚಿಗೆ ಒಂದು ಸುತ್ತು ಹಾಕಿಸುವ ನಳಿಕೆಯಿಂದ ಗುಂಡು ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಹೊರಟರೆ, ಸೆಕೆಂಡಿಗೆ 3,300ಕ್ಕೂ ಜಾಸ್ತಿ ಸುತ್ತು. ಮನೆಯ ಮಿಕ್ಸಿಗಿಂತ ಸುಮಾರು ಹತ್ತು ಪಟ್ಟು ಜೋರು. ತಿರುಗುವ ಬುಗುರಿ ಬೀಳದಿರುವುದೂ ತಿರುಗುವ ಗುಂಡು ತಲೆಕೆಳಗಾಗದಿರುವುದೂ ಒಂದೇ ಕಾರಣಕ್ಕೆ. ಇದನ್ನೆಲ್ಲ ಮೊದಲು ವಿಜ್ಞಾನವಾಗಿ ನೋಡಿದವರಲ್ಲಿ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ದೊಡ್ಡ ಹೆಸರು. 1742ರಲ್ಲಿ ಗುಂಡಿನ ವೇಗ ಅಳೆಯಲು ತೂಗಾಡುವ ಹಲಗೆಯ ಉಪಾಯ ಬರೆದ. ಸುತ್ತುವ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ, ನಳಿಕೆಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿ, ಅದರಿಂದ ಹೊರಟ ಗುಂಡು ಮುಂದೆ ಬಲಕ್ಕೆ ತಿರುಗುವುದನ್ನು ತೋರಿಸಿದ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಇಲ್ಲಿಗೇ ಬಂದು, 1751ರಲ್ಲಿ ಕಡಲೂರಿನ ಪಕ್ಕದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ನಮ್ಮ ಶಾಲೆಗಳಲ್ಲಿ ಯಾರೂ ಅವನ ಹೆಸರು ಹೇಳಲಿಲ್ಲ, ಅದೊಂದು ಬೇಜಾರು.

ರಾಬಿನ್ಸ್ ಕಾಲದಲ್ಲಿ ಆ ಗೀರು ಕೊರೆಯುವುದು ದಿನಗಟ್ಟಲೆಯ ಕೈಕೆಲಸ. ಒಳ್ಳೆಯ ನಳಿಕೆ ಎಂದರೆ ದುಬಾರಿ ನಳಿಕೆ ಎಂಬ ನಂಬಿಕೆ ಆಗ ನಿಜವೇ ಆಗಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನರು ಬೇರೆ ದಾರಿ ಹಿಡಿದರು. ದಪ್ಪ ಕೊಳವೆಯೊಳಗೆ ಗೀರಿನ ಅಚ್ಚು ತೂರಿಸಿ, ಹೊರಗಿಂದ ಸುತ್ತಲೂ ಯಂತ್ರದ ಸುತ್ತಿಗೆಯಿಂದ ಜಜ್ಜುವುದು. ಉಕ್ಕು ಅಚ್ಚಿನ ಮೇಲೆ ಕಚ್ಚಿ ಕೂರುತ್ತದೆ. ಕೆಲವೇ ನಿಮಿಷದಲ್ಲಿ ನಳಿಕೆ ಸಿದ್ಧ. ಇವತ್ತು ರುಗರ್ ಅಮೆರಿಕನ್‌ನಂಥ ಅಗ್ಗದ ರೈಫಲ್‌ಗೂ ಇಂಥದ್ದೇ ನಳಿಕೆ. ಸ್ಯಾವೇಜ್ ಕಂಪನಿ 1958ರಲ್ಲಿ ತನ್ನ 110 ಮಾದರಿಯಲ್ಲಿ ಇನ್ನೊಂದು ಖರ್ಚು ಉಳಿಸಿತು. ತೋಟೆ ಕೂರುವ ಜಾಗಕ್ಕೂ ಬೋಲ್ಟಿನ ಮುಖಕ್ಕೂ ನಡುವಿನ ಅಂತರವನ್ನು ಅರದಿಂದ ಉಜ್ಜಿ ಉಜ್ಜಿ ಸರಿಮಾಡುವ ಬದಲು ಒಂದು ನಟ್ ಬಿಗಿದು ಹೊಂದಿಸುವ ಉಪಾಯ ಅದು. ಪಂಪ್‌ಸೆಟ್ ರಿಪೇರಿ ಮಾಡಿದವರಿಗೆ ತಕ್ಷಣ ಅರ್ಥವಾಗುತ್ತದೆ.

ಹಾಗಾದರೆ ದುಡ್ಡು ಉಳಿಸಿದ್ದು ಎಲ್ಲಿ? ಪಾಲಿಶ್‌ನಲ್ಲಿ, ತೋಟೆ ತುಂಬುವ ಮ್ಯಾಗಜಿನ್‌ನಲ್ಲಿ, ಬೋಲ್ಟಿನ ನುಣುಪಿನಲ್ಲಿ, ಮುಖ್ಯವಾಗಿ ಹಿಡಿಯಲ್ಲಿ, ಅಂದರೆ ನಳಿಕೆಯನ್ನು ಹೊತ್ತಿರುವ ಮರದ ಅಥವಾ ಪ್ಲಾಸ್ಟಿಕ್‌ನ ಮೈಯಲ್ಲಿ. ನನಗೆ ತುಂಬ ಇಷ್ಟವಾದ ವಿಷಯ ಇರುವುದೂ ಅಲ್ಲೇ.

ಗುಂಡು ನಳಿಕೆಯಲ್ಲಿ ಇರುವುದು ಒಂದು ಮಿಲಿಸೆಕೆಂಡಿನ ಆಸುಪಾಸು. ಅಷ್ಟರಲ್ಲೇ ನಳಿಕೆ ನಡುಗಲು ಶುರು ಮಾಡಿರುತ್ತದೆ. ದೇವಸ್ಥಾನದ ಜಾಗಟೆ ನೋಡಿ. ಹಗ್ಗದಲ್ಲಿ ತೂಗಿಸಿ ಹೊಡೆದರೆ ಪ್ರತಿ ಸಲವೂ ಒಂದೇ ನಾದ. ಅಂಚಿಗೆ ಬೆರಳು ತಾಗಿದರೆ ಬೇರೆ ನಾದ. ಬೆರಳು ಒಮ್ಮೆ ತಾಗಿ ಒಮ್ಮೆ ಬಿಟ್ಟರೆ? ನಳಿಕೆಯದ್ದೂ ಅದೇ ಕತೆ. ನಡುಗುವುದು ತಪ್ಪಲ್ಲ, ಒಂದೊಂದು ಸಲ ಒಂದೊಂದು ಥರ ನಡುಗುವುದು ತಪ್ಪು. ಅಡಿಕೆ ಕೊಯ್ಯುವವರನ್ನು ಕೇಳಿ. ದೋಟಿಯ ಬುಡದಲ್ಲಿ ಕೈ ಒಂದು ಬೆರಳಷ್ಟು ಸರಿದರೆ ತುದಿ ಎಷ್ಟು ಓಲಾಡುತ್ತದೆ! 55 ಸೆಂ.ಮೀ. ನಳಿಕೆಯ ತುದಿ 0.1 ಮಿ.ಮೀ., ಅಂದರೆ ಒಂದು ಕೂದಲಿನ ದಪ್ಪದಷ್ಟು ಪಕ್ಕಕ್ಕೆ ಹೋದರೆ ಸಾಕು. 100 ಮೀಟರ್ ಆಚೆ ಗುಂಡು ಸುಮಾರು 2 ಸೆಂ.ಮೀ. ತಪ್ಪುತ್ತದೆ.

ಆದ್ದರಿಂದ ಈಗಿನ ರೈಫಲ್‌ಗಳಲ್ಲಿ ನಳಿಕೆ ಹಿಡಿಗೆ ತಾಗದಂತೆ ಸುತ್ತ ಸಂದು ಬಿಡುತ್ತಾರೆ. ಹಳೆಯ ಲೀ-ಎನ್‌ಫೀಲ್ಡ್‌ನಂಥವುಗಳಲ್ಲಿ ಮರ ನಳಿಕೆಯನ್ನು ಒತ್ತಿಕೊಂಡಿರುವಂತೆ ಬೇಕೆಂದೇ ಕೂರಿಸುತ್ತಿದ್ದರು. ಸೈನ್ಯದ .303 ತೋಟೆ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು ಆ ಬೋರನ್ನೇ ನಿಷೇಧಿಸಿದ್ದರು. ಮಾವನ .315 ಅದೇ ಎನ್‌ಫೀಲ್ಡ್ ಮೈಗೆ ಬೇರೆ ಬೋರ್ ಹಾಕಿದ್ದು. ಮರದ ಒತ್ತಡ ಒಂದೇ ಸಮ ಇದ್ದರೆ ತೊಂದರೆ ಇಲ್ಲ. ಆದರೆ ನಮ್ಮದು ಉಡುಪಿ ಜಿಲ್ಲೆ! ಆಷಾಢ ಬಂದರೆ ಹಲಸಿನ ಮರದ ಬಾಗಿಲು ದಾರಂದಕ್ಕೆ ಕಚ್ಚಿಕೊಳ್ಳುತ್ತದೆ. ಕೋವಿಯ ಹಿಡಿ ಮಾತ್ರ ಸುಮ್ನೆ ಇರುತ್ತದೆಯೇ? ಒಳಗೆ ತೋಟೆ ಇಲ್ಲವೆಂದು ಎರಡೆರಡು ಸಲ ನೋಡಿ, ನಳಿಕೆಗೂ ಮರಕ್ಕೂ ನಡುವೆ ಹತ್ತು ರೂಪಾಯಿ ನೋಟು ತೂರಿಸಿದೆ. ಎರಡು ಬೆರಳು ಹೋಗಿ ನಿಂತಿತು. ಪ್ಲಾಸ್ಟಿಕ್ ಹಿಡಿ ಮಳೆಗೆ ಉಬ್ಬುವುದಿಲ್ಲ. ಆದರೆ ತೀರ ತೆಳುವಾದದ್ದು ಭಾರ ಬಿದ್ದರೆ ಬಗ್ಗಿ ನಳಿಕೆಗೆ ತಾಗುತ್ತದೆ. ಅಗ್ಗದ ರೈಫಲ್ ಕೊಳ್ಳುವವರು ಮೊದಲು ಒತ್ತಿ ನೋಡಬೇಕಾದ ಜಾಗ ಇದು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವನ ಮೂರು ತೂತು ಸುಳ್ಳಾ?" ಎಂದರು.

ಸುಳ್ಳಲ್ಲ, ಸಾಕ್ಷಿ ಕಡಿಮೆ. ಕೆಲವು ಕಂಪನಿಗಳು 'ಮೂರು ಗುಂಡು, ನೂರು ಗಜ, ಒಂದು ಇಂಚು' ಎಂದು ಗ್ಯಾರಂಟಿಯನ್ನೇ ಕೊಡುತ್ತವೆ. ಆದರೆ ಮೂರು ಗುಂಡಿನ ಹರವು (ತೀರ ದೂರದ ಎರಡು ತೂತಿನ ನಡುವಿನ ಅಂತರ) ಸರಾಸರಿ ಒಂದು ಇಂಚು ಬರುವ ಕೋವಿಯಲ್ಲೇ ಹತ್ತು ಹೊಡೆದರೆ ಹರವು ಸರಾಸರಿ 1.6 ಇಂಚಿಗೆ ಹೋಗುತ್ತದೆ. ಕೋವಿ ಕೆಟ್ಟದ್ದಲ್ಲ. ಜಾಸ್ತಿ ಹೊಡೆದಷ್ಟೂ ದೂರಕ್ಕೆ ಬೀಳುವ ಒಂದೆರಡು ಗುಂಡಿಗೆ ಅವಕಾಶ ಜಾಸ್ತಿ, ಅಷ್ಟೇ. ಇನ್ನು ಮೂರು ಮೂರರಂತೆ ಹೊಡೆಯುತ್ತ ಹೋದರೆ, ಅದೇ ಕೋವಿ ಒಮ್ಮೆ ಅರ್ಧ ಇಂಚು, ಇನ್ನೊಮ್ಮೆ ಒಂದೂವರೆ ತೋರಿಸುವುದು ಮಾಮೂಲು. ಜನ ಫೋಟೊ ಹಾಕುವುದು ಯಾವುದರದ್ದು?

ನನಗೆ ಸಿಟ್ಟು ಬರುವುದು ಮುಂದಿನ ಹೆಜ್ಜೆಗೆ. ನಮ್ಮ ಅಜ್ಜನ ಗುರಿ ಒಮ್ಮೆ ಸಾಲಾಗಿ ತಪ್ಪಿತಂತೆ. ಕೋವಿಗೆ ಯಾರದ್ದೋ ದೃಷ್ಟಿ ತಾಗಿದೆ ಎಂದು ನೂಲು ಮಂತ್ರಿಸಿ ತಂದು ಕಟ್ಟಿದರು. ಮುಂದಿನ ಸಲ ಸರಿಯಾಯಿತು. ಇವತ್ತಿಗೂ ಆಯುಧ ಪೂಜೆಯ ದಿನ ಮಾವ ಅದೇ ಕತೆ ಹೇಳುತ್ತಾರೆ. ತೀರ ಕೆಟ್ಟದ್ದಾದ ಮೇಲೆ ಬರುವುದು ಬಹುತೇಕ ಅದಕ್ಕಿಂತ ಒಳ್ಳೆಯದೇ, ನೂಲು ಕಟ್ಟಿದರೂ ಕಟ್ಟದಿದ್ದರೂ. ಟೆಕ್ಸಾಸಿನವನು ಮಂತ್ರದ ನೂಲು ನಂಬುವುದಿಲ್ಲ. ಆದರೆ ತೋಟೆಯ ಬ್ರ್ಯಾಂಡ್ ಬದಲಿಸಿ ಮೂರು ಗುಂಡು ಹೊಡೆದು 'ನನ್ನ ಕೋವಿಗೆ ಇದೇ ಇಷ್ಟ' ಎನ್ನುತ್ತಾನೆ. ತೋಟೆಯಿಂದ ತೋಟೆಗೆ ವ್ಯತ್ಯಾಸ ಇರುವುದು ಹೌದು. ಮೂರು ಗುಂಡಿನಲ್ಲಿ ಅದು ಕಾಣುತ್ತದೆ ಎಂಬುದು ಮಾತ್ರ ನೂಲಿನ ಜಾತಿಗೇ ಸೇರಿದ ನಂಬಿಕೆ.

ಮಾವನ ರೈಫಲ್‌ನಲ್ಲಿ ಮೂವತ್ತು ಗುಂಡು ಹೊಡೆದು ನೋಡುವಂತಿಲ್ಲ. ವರ್ಷಕ್ಕೆ ಇಷ್ಟೇ ತೋಟೆ ಎಂದು ಲೈಸೆನ್ಸಿನಲ್ಲೇ ಇರುತ್ತದೆ. ಹಾಗಾಗಿ ಕೊಟ್ಟಿಗೆಯ ಹಿಂದಿನ ಮಣ್ಣಿನ ದರೆಗೆ ಮದುವೆ ಕಾಗದಗಳ ಬೆನ್ನಿಗೆ ಚುಕ್ಕೆ ಹಾಕಿ ನಿಲ್ಲಿಸಿದೆವು. .177ರ ಏರ್‌ಗನ್, 10 ಮೀಟರ್ ದೂರ. ಒಲಿಂಪಿಕ್ಸ್‌ನಲ್ಲಿ ಇದೇ ದೂರಕ್ಕೆ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಎಂದೆ. "ಅಭಿನವ್ ಬಿಂದ್ರಾನಿಗೆ ನಮ್ಮ ಮನೆಯ ಸೊಳ್ಳೆ ಕಚ್ಚಿದ್ದರೆ ಗೊತ್ತಾಗ್ತಿತ್ತು" ಎಂದರು ಮಾವ.

ಕುರ್ಚಿಯ ಬೆನ್ನಿಗೆ ಗೋಣಿಚೀಲ ಹಾಕಿ, ಅದರ ಮೇಲೆ ಊರಿ, ಹತ್ತು ಕಾಗದಕ್ಕೆ ಮೂರು ಮೂರರಂತೆ ಹೊಡೆದರು. ಅದೇ ಬಂದೂಕು, ಅದೇ ಕೈ, ಅದೇ ಸಂಜೆ. ಒಂದು ಕಾಗದದ ಮೂರೂ ತೂತು ಹಲಸಿನ ಬೀಜದಡಿ ಮುಚ್ಚಿಹೋಗುತ್ತಿತ್ತು. ಇನ್ನೊಂದನ್ನು ಮುಚ್ಚಲು ಗೋಳಿಬಜೆಯೇ ಬೇಕಿತ್ತು. ಹತ್ತನ್ನೂ ಜಗಲಿಯ ಮೇಲೆ ಸಾಲಾಗಿ ಹರಡಿದೆ. ಮಾವ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನಿಧಾನವಾಗಿ ನೋಡಿದರು, ತಲೆಯಾಡಿಸಿದರು. "ಹೌದು ಮಾರಾಯ, ನೀನು ಹೇಳಿದ್ದು ಸರಿ" ಎಂದರು. ಆಮೇಲೆ ಹಲಸಿನ ಬೀಜದ್ದನ್ನು ಮಾತ್ರ ಎತ್ತಿ ಬೆಳಕಿಗೆ ಹಿಡಿದು, ಫೋಟೊ ತೆಗೆದು ಗ್ರೂಪಿಗೆ ಹಾಕಿದರು.